ಲೇಡಿ ಓನರ್ ಟ್ರ್ಯಾಕ್ ಬೈಕು

ಜಾಹೀರಾತಿನಲ್ಲಿ ‘ಲೇಡಿ ಓನರ್’ ಎಂದು ಹಾಕಿದರೆ ಹಳೆಯ ಗಾಡಿ ಬೇಗ ಹೋಗುತ್ತದೆ ಎಂದು ನಮ್ಮ ಪಾಲಿಟೆಕ್ನಿಕ್ಕಿನ ಸಹೋದ್ಯೋಗಿಯೊಬ್ಬರು ಹೇಳಿದರು. ಹಾಗೇ ಹಾಕಿದೆ. ಮರುದಿನದಿಂದ ಫೋನಿನ ಕಾಟ ಶುರುವಾಯಿತು. ಒಬ್ಬ ಮೈಲೇಜ್ ಎಷ್ಟು ಎಂದು ಕೇಳಿದ. ಇನ್ನೊಬ್ಬ, ಹೆಂಗಸರ ಗಾಡಿ ಎಂದರೆ ದೇವಸ್ಥಾನಕ್ಕೆ ಹೋಗಿ ಬಂದಿರಬೇಕು ಅಷ್ಟೇ ತಾನೇ ಎಂದ. ಇದು ರಸ್ತೆಗೆ ಇಳಿಯುವ ಗಾಡಿಯಲ್ಲ, ರೇಸ್ ಟ್ರ್ಯಾಕಿನಲ್ಲಿ ಓಡಿಸುವುದನ್ನು ಕಲಿಯುವವರಿಗೆ ಹೇಳಿ ಮಾಡಿಸಿದ್ದು, ಹೆಡ್‌ಲೈಟಿಲ್ಲ, ಕನ್ನಡಿಯಿಲ್ಲ, ನಂಬರ್ ಪ್ಲೇಟಿಲ್ಲ, ಸ್ಟ್ಯಾಂಡ್ ಕೂಡ ಇಲ್ಲ ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಮತ್ತೆ ಅದನ್ನು ಇಟ್ಟುಕೊಂಡು ಏನು ಮಾಡುತ್ತಿದ್ದಿರಿ ಎಂದವನ ಫೋನನ್ನು ಅಲ್ಲೇ ಕಟ್ ಮಾಡಿದೆ.

ನಮ್ಮದು ವೈದಿಕರ ಮನೆ. ಶಿವಮೊಗ್ಗದ ಸವಳಂಗ ರಸ್ತೆಯಿಂದ ಒಳಗೆ ಹೋಗುವ ಒಂದು ಕ್ರಾಸಿನಲ್ಲಿದೆ. ಆಯುಧಪೂಜೆಯ ದಿನ ಅಪ್ಪ ಆ ಗಾಡಿಗೆ ಗಂಧ ಹಚ್ಚಲು ನಂಬರ್ ಪ್ಲೇಟ್ ಹುಡುಕಿ, ಸಿಗದೆ, ಕೊನೆಗೆ ಪೆಟ್ರೋಲ್ ಟ್ಯಾಂಕಿಗೇ ಹಚ್ಚಿ ಮಂತ್ರ ಮುಗಿಸಿದ್ದರು. ವರ್ಷಕ್ಕೆ ನಾಲ್ಕಾರು ಸಲ ಅದನ್ನು ಲಗೇಜ್ ಗಾಡಿಯ ಮೇಲೆ ಹಗ್ಗದಿಂದ ಬಿಗಿದು ತಮಿಳುನಾಡಿನ ಟ್ರ್ಯಾಕಿಗೆ ಒಯ್ಯುತ್ತಿದ್ದೆ. ಅಂಥದ್ದೇ ಒಂದು ಸಲ ತಿರುವಿನಲ್ಲಿ ಬಿದ್ದೆ. ಗಾಡಿಯ ಒಂದು ಲಿವರ್, ಒಂದು ಫುಟ್‌ರೆಸ್ಟ್ ಮುರಿಯಿತು. ನನ್ನ ಬೆನ್ನುಮೂಳೆಗೆ ಪ್ಲೇಟು, ಸ್ಕ್ರೂ ಬಂತು. ಗಾಡಿ ವಾರದೊಳಗೆ ಸರಿಯಾಯಿತು, ನಾನು ಆಗಲಿಲ್ಲ. ಟ್ಯಾಂಕಿನ ಮೇಲೆ ಬಗ್ಗಿ ಕೂರುವ ಆಸೆಯನ್ನು ಬಿಟ್ಟುಬಿಡಿ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ ಮೇಲೆ ಬೆಳಗಾದರೆ ಅದರ ಮುಖ ನೋಡುವುದೇ ಒಂದು ಶಿಕ್ಷೆಯಾಯಿತು. ಅದಕ್ಕೇ ಮಾರಲು ಹೊರಟದ್ದು.

ಒಂದು ಸಂಜೆ ಭದ್ರಾವತಿಯಿಂದ ಒಬ್ಬಳು ಹುಡುಗಿ ಫೋನ್ ಮಾಡಿದಳು. ಬೆಲೆ ಕೇಳಲಿಲ್ಲ. ಹಿಂದಿನ ಟೈರು ಯಾವ ಕಡೆ ಜಾಸ್ತಿ ಸವೆದಿದೆ ಎಂದು ಕೇಳಿದಳು. ಬಲಗಡೆ ಎಂದೆ. ಹಾಗಾದರೆ ನಿಜವಾಗಿಯೂ ಟ್ರ್ಯಾಕಿನಲ್ಲಿ ಓಡಿದೆ, ಅಲ್ಲಿ ಬಲ ತಿರುವುಗಳೇ ಜಾಸ್ತಿ ಎಂದಳು. ನನಗೆ ಎಷ್ಟೋ ತಿಂಗಳ ಮೇಲೆ ನಗು ಬಂತು. ಬೈಕ್ ಷೋರೂಮೊಂದರ ಬಿಡಿಭಾಗಗಳ ಕೌಂಟರಿನಲ್ಲಿ ಕೆಲಸ, ಸಂಬಳದಲ್ಲಿ ಉಳಿಸಿ ಟ್ರ್ಯಾಕಿನಲ್ಲಿ ಒಂದು ದಿನದ ತರಬೇತಿಯನ್ನೂ ಮುಗಿಸಿದ್ದಳು. ಗಾಡಿ ಇವಳಿಗೇ ಎಂದು ಆಗಲೇ ನಿಶ್ಚಯಿಸಿಬಿಟ್ಟೆ. ನಾನು ಓಡಿಸದಿದ್ದರೂ ಅದು ಓಡಬೇಕಿತ್ತು. ಅದೊಂದೇ ಆಸೆ ಉಳಿದಿತ್ತು ನನಗೆ.

ಭಾನುವಾರ ತಾಯಿಯನ್ನು ಕರೆದುಕೊಂಡು ಬಂದಳು. ತಾಯಿ ಮನೆಯಲ್ಲೇ ಬ್ಲೌಸು ಹೊಲಿಯುವವರು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ನನ್ನ ಹತ್ತಿರ ಕನ್ನಡ, ಮಗಳ ಹತ್ತಿರ ತಮಿಳು. ಚೀಲದಲ್ಲಿ ನಿಂಬೆಹಣ್ಣು, ಒಂದು ಮೊಳ ಸೇವಂತಿಗೆ ಇತ್ತು. ಪೂಜೆ ಮಾಡಿಯೇ ಒಯ್ಯಲು ಬಂದಿದ್ದರು ಎಂದರೆ ಮನೆಯಲ್ಲಿ ಮಾತು ಮುಗಿದಿತ್ತು ಎಂದರ್ಥ.

ನಾನು ಸುಮ್ಮನಿರಬೇಕಿತ್ತು. ಮೇಷ್ಟ್ರಿಕೆ ಸುಮ್ಮನಿರಲು ಬಿಡುತ್ತದೆಯೇ? ಗಾಡಿಯ ಜೊತೆ ಕೊಡುವ ಸಾಮಾನನ್ನೆಲ್ಲ ಜಗುಲಿಯ ಮೇಲೆ ಚಾಪೆ ಹಾಸಿ ಜೋಡಿಸಿಟ್ಟೆ. ಬ್ರೇಕ್ ಲಿವರು, ಕ್ಲಚ್ ಲಿವರು, ಫುಟ್‌ರೆಸ್ಟು, ಗೇರ್ ಪೆಡಲು, ಗಾಡಿಯ ಮೈಮೇಲಿನ ಫೈಬರ್ ಕವಚ, ಒಂದಕ್ಕೆ ಎರಡು. ಮಗಳು ನೆಲಕ್ಕೆ ಕುಳಿತು ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದಳು. ಹಬ್ಬದ ಸೀರೆ ನೋಡುವಾಗಲೂ ಯಾರೂ ಅಷ್ಟು ಮುತುವರ್ಜಿ ತೋರಿಸುವುದಿಲ್ಲ. ತಾಯಿ ಒಂದು ಲಿವರ್ ಹಿಡಿದು, ಇಷ್ಟೆಲ್ಲ ಯಾಕೆ ಎಂದು ಕೇಳಿದರು. ಬಿದ್ದಾಗ ಮೊದಲು ಮುರಿಯುವುದು ಇವೇ, ಹಾಗಾಗಿ ಜೊತೆಗಿರಬೇಕು ಎಂದು ಪಾಠ ಮಾಡಿದೆ. ಟ್ರ್ಯಾಕಿಗೆ ಹೋಗುವವರಿಗೆ ಬೀಳುವುದು ಅವಮಾನವಲ್ಲ. ಬಿದ್ದ ಕಥೆಗಳನ್ನು ಟೀ ಕುಡಿಯುತ್ತ ಹೇಳಿಕೊಳ್ಳುತ್ತೇವೆ. ಆ ಅಭ್ಯಾಸದಲ್ಲಿ ನಾನು ಬಿದ್ದದ್ದನ್ನೂ ಹೇಳಿದೆ, ತಿರುವು ಎಂಥದ್ದು, ವೇಗ ಎಷ್ಟು ಎಂಬುದನ್ನೂ ಬಿಡಲಿಲ್ಲ.

ಆಕೆ ಲಿವರನ್ನು ಚಾಪೆಯ ಮೇಲೆ ಮೆಲ್ಲಗೆ ಇಟ್ಟರು.

“ಬೀಳೋದು ಗ್ಯಾರಂಟಿ ಅಂತ ಮೊದ್ಲೇ ತಯಾರಿ ಮಾಡಿಟ್ಟಿದೀರಲ್ಲ ಮೇಡಮ್,” ಎಂದರು. “ಗಾಡಿಗೆ ಎಲ್ಲಾ ಎರಡೆರಡು ಇದೆ. ನಂಗೆ ಇವಳು ಒಬ್ಳೇ.”

ನಿಂಬೆಹಣ್ಣು ಚೀಲದಿಂದ ಹೊರಗೆ ಬರಲೇ ಇಲ್ಲ. ಮಗಳು ತಮಿಳಿನಲ್ಲಿ ಏನೋ ಬೇಡಿಕೊಂಡಳು, ತಾಯಿ ಒಂದೇ ಪದದಲ್ಲಿ ಮುಗಿಸಿದರು. ಕಾಫಿಯನ್ನೂ ಕುಡಿಯದೆ ಹೊರಟುಹೋದರು. ನನಗೆ ಸಿಟ್ಟು ನೆತ್ತಿಗೇರಿತ್ತು. ನನ್ನ ನಾಲಿಗೆಯ ಮೇಲೋ ಆಕೆಯ ಮೇಲೋ ಎಂದು ಆಗ ತಿಳಿಯಲಿಲ್ಲ.

ಮುಂದಿನ ವಾರ ಹುಡುಗಿಗೆ ಫೋನ್ ಮಾಡಿ ವಿಳಾಸ ಕೇಳಿ, ಒಂದು ಬ್ಲೌಸ್ ಪೀಸ್ ನೆಪ ಮಾಡಿಕೊಂಡು ಭದ್ರಾವತಿಗೆ ಹೋದೆ. ಕುಳಿತರೆ ಬೆನ್ನು ಹಿಡಿಯುತ್ತದೆಂದು ಬಸ್ಸಿನಲ್ಲಿ ನಿಂತೇ ಇದ್ದೆ. ಮಲವಗೊಪ್ಪ ದಾಟುವಾಗ ಲಾರಿಗಳ ಸಂದಿಯಲ್ಲಿ ಹೆಲ್ಮೆಟ್ಟಿಲ್ಲದೆ ನುಗ್ಗುವ ಹುಡುಗರನ್ನು ನೋಡಿ ಮಾತನ್ನು ಹೊಂದಿಸಿಕೊಂಡೆ. ಈ ರಸ್ತೆಗಿಂತ ಟ್ರ್ಯಾಕೇ ವಾಸಿ, ಎದುರಿನಿಂದ ಗಾಡಿ ಬರುವುದಿಲ್ಲ, ಮೈತುಂಬ ಲೆದರ್ ಸೂಟ್ ಇರುತ್ತದೆ, ಪಕ್ಕದಲ್ಲೇ ಆಂಬುಲೆನ್ಸ್ ನಿಂತಿರುತ್ತದೆ. ಎಲ್ಲವೂ ನಿಜವೇ.

ಹಳೆಯ ಕಾರ್ಖಾನೆ ಮಂದಿಯ ಸಾಲುಮನೆಗಳಲ್ಲಿ ಅವರದೂ ಒಂದು. ಆಕೆ ಯಾಕೆ ಬಂದಿರಿ ಎಂದು ಕೇಳಲಿಲ್ಲ. ಅಳತೆ ಟೇಪ್ ತೆಗೆದುಕೊಂಡು ನನ್ನನ್ನು ಬೆಳಕಿನ ಕಡೆ ತಿರುಗಿಸಿ ನಿಲ್ಲಿಸಿದರು. ತೋಳು, ಭುಜ ಆಯಿತು. ಬೆನ್ನಿಗೆ ಬಂದಾಗ ಬೆರಳು ನಿಂತಿತು. ಆಪರೇಷನ್ನಿನ ಗಾಯದ ಗುರುತು ಕತ್ತಿನ ಕೆಳಗಿಂದ ಶುರುವಾಗಿ ಬ್ಲೌಸಿನೊಳಕ್ಕೆ ಇಳಿಯುತ್ತದೆ. ಆಕೆ ಅದರುದ್ದಕ್ಕೂ ಬಟ್ಟೆಯ ಮೇಲಿನಿಂದಲೇ ಬೆರಳು ಎಳೆದರು. ಎಷ್ಟು ದೂರ ಹೋಗಿದೆ ಎಂದು ನೋಡುತ್ತಿದ್ದರೇನೋ.

“ಹಿಂದೆ ಕತ್ತು ಮೇಲಕ್ಕೆ ಇಡ್ತೀನಿ ಮೇಡಮ್,” ಎಂದರು. “ಕಾಣ್ಸಲ್ಲ.”

ಹೊಂದಿಸಿಕೊಂಡು ಹೋದ ಮಾತು ಅಲ್ಲೇ ಸತ್ತಿತು. ಬಟ್ಟೆ ಕೊಟ್ಟು ಹೊರಗೆ ಬಂದೆ.

ಹುಡುಗಿ ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದಳು. ಅವಳೂ ಒಂದು ದಾರಿ ಹುಡುಕಿಟ್ಟಿದ್ದಳು. ಗೆಳತಿಯ ಮನೆಯ ಹಿಂದೆ ಶೆಡ್ಡಿದೆ, ಗಾಡಿ ಅಲ್ಲಿ ಇಟ್ಟರೆ ಅಮ್ಮನಿಗೆ ಗೊತ್ತಾಗುವುದಿಲ್ಲ, ಟ್ರ್ಯಾಕಿಗೆ ಹೋಗುವಾಗ ಷೋರೂಮಿನ ಟ್ರೇನಿಂಗ್ ಎಂದರಾಯಿತು. ನಾನು ಹ್ಞೂಂ ಎಂದರೆ ಸಾಕಿತ್ತು. ನನಗೂ ಅದೇ ಬೇಕಿತ್ತು, ಜೀವ ಹಾತೊರೆಯುತ್ತಿತ್ತು. ಆದರೆ ಆ ಬೆರಳು ಇನ್ನೂ ಬೆನ್ನ ಮೇಲೇ ಇದ್ದಂತಿತ್ತು.

“ಆಗಲ್ಲ ಮಾರಾಯ್ತಿ,” ಎಂದೆ. “ನಿಮ್ಮಮ್ಮ ಒಪ್ಪದೆ ನಾನು ಕೊಡಲ್ಲ.”

ಅವಳು ಅಳಲಿಲ್ಲ. ನನ್ನನ್ನೇ ನೋಡಿದಳು.

“ನೀವು ತಗೊಂಡಾಗ ನಿಮ್ಮಮ್ಮ ಒಪ್ಪಿದ್ರಾ ಮೇಡಮ್?”

“ಆಗ ಅಮ್ಮ ಇರ್ಲಿಲ್ಲ. ಹೋಗಿ ವರ್ಷ ಆಗಿತ್ತು.”

ಹೇಳುವವರೆಗೂ ನನಗೆ ಅದು ಹೊಳೆದೇ ಇರಲಿಲ್ಲ. ಅಮ್ಮನ ವರ್ಷಾಬ್ದಿಕ ಮುಗಿದ ಮೇಲೆಯೇ ನಾನು ಆ ಗಾಡಿಯ ವಿಚಾರ ಎತ್ತಿದ್ದು. ಅದಕ್ಕೆ ಮೊದಲೂ ಕೈಯಲ್ಲಿ ಸಂಬಳವಿತ್ತು, ಆಸೆಯೂ ಇತ್ತು.

“ಹಾಗಾದ್ರೆ ನಾನೂ ಅಲ್ಲೀವರೆಗೆ ಕಾಯ್ಬೇಕು ಅಂತಾಯ್ತು,” ಎಂದಳು.

ಎಂದವಳೇ ಬಾಯಿಗೆ ಕೈ ಅಡ್ಡ ಹಿಡಿದಳು. ಶಿವಮೊಗ್ಗದ ಬಸ್ಸು ಬಂತು, ಹತ್ತಿಬಿಟ್ಟೆ.

ಗಾಡಿ ಕೊನೆಗೆ ಇಂಜಿನ್ ಮಾತ್ರ ಬೇಕೆಂದು ಬಂದವನೊಬ್ಬನಿಗೆ ಹೋಯಿತು. ಉಳಿದದ್ದನ್ನು ಅವನು ಬಿಡಿಬಿಡಿಯಾಗಿ ಮಾರುತ್ತಾನಂತೆ. ಹುಡುಗಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ. ಬ್ಲೌಸು ಹೊಲಿದಾಗಿದೆ, ಬನ್ನಿ ಎಂದು ಅವಳ ತಾಯಿ ಫೋನ್ ಮಾಡುತ್ತಲೇ ಇದ್ದಾರೆ. ನಾನು ಇನ್ನೂ ಹೋಗಿಲ್ಲ.