ಅಳಿಸಿಹೋದ ಸೋಬಾನೆ ಪದಗಳು

ಇದನ್ನು ಹೇಳಬೇಕೆಂದು ಎರಡು ವರ್ಷದಿಂದ ಅಂದುಕೊಳ್ಳುತ್ತಿದ್ದೇನೆ. ಮೊದಲು ಕಬ್ಬು ಕಡಿಸಿದ ಮೇಲೆ ಎಂದುಕೊಂಡೆ. ಆಮೇಲೆ ಕಣ್ಣಿನ ಪೊರೆ ತೆಗೆಸಿದ ಮೇಲೆ ಎಂದುಕೊಂಡೆ. ಎರಡೂ ಆದವು. ಹೇಳಲಿಲ್ಲ.

ನಮ್ಮದು ಪಾಂಡವಪುರ ತಾಲ್ಲೂಕು. ನಾನು ಹೈಸ್ಕೂಲು ಮುಗಿಸಿ ಊರಿನ ಡೇರಿಯಲ್ಲಿ ಹಾಲು ಅಳೆಯುವ ಕೆಲಸಕ್ಕೆ ಸೇರಿದವನು, ಅಲ್ಲೇ ಮುದುಕನಾದೆ. ಕೆಲಸ ಬಿಟ್ಟ ಮೇಲೆ ವಿಡಿಯೊ ತೆಗೆಯುವ ಹುಚ್ಚು ಹಿಡಿಯಿತು. ತಮ್ಮನ ಹೆಂಡತಿ ಹೊಸ ಫೋನು ತೆಗೆದುಕೊಂಡಾಗ ಅವಳ ಹಳೆಯದು ನನ್ನ ಕೈಗೆ ಬಂದಿತ್ತು. ತೊಣ್ಣೂರು ಕೆರೆ ಕೋಡಿ ಬಿದ್ದದ್ದು, ಕೆ.ಆರ್. ಪೇಟೆಯ ನೆಂಟರ ಮನೆಯ ಮದುವೆ, ನಮ್ಮ ಹಸು ಕರು ಹಾಕಿದ್ದು, ಎಲ್ಲವನ್ನೂ ತೆಗೆದೆ. ಗಾಳಿಯ ಸದ್ದು, ನನ್ನ ಕೆಮ್ಮು ಕೇಳಬಾರದೆಂದು ಹಿಂದೆ ಒಂದು ಸಿನಿಮಾ ಹಾಡು ಇಡುತ್ತಿದ್ದೆ. ಪೂರ್ತಿ ಹಾಡು. ಹಾಡನ್ನು ಅರ್ಧಕ್ಕೆ ಕತ್ತರಿಸುವುದು ನನಗೆ ಆಗದು.

ಆ ಫೋನಿನಲ್ಲಿ ಅವಳ ಖಾತೆಯೇ ಉಳಿದಿತ್ತು. ಯಾರೂ ತೆಗೆಸಿರಲಿಲ್ಲ. ಒಂದೇ ಬೋರ್‌ವೆಲ್ಲಿನಲ್ಲಿ ಅಣ್ಣತಮ್ಮಂದಿರು ನೀರು ಹಾಯಿಸುವ ಹಾಗೆ ನಮ್ಮ ಕಡೆ ಒಂದೇ ಖಾತೆಯಲ್ಲಿ ಮನೆಯ ಎಲ್ಲರ ಫೋನುಗಳೂ ಓಡುತ್ತವೆ. ಹೀಗಾಗಿ ನಾನು ಇಂಟರ್‌ನೆಟ್ಟಿಗೆ ಹಾಕಿದ್ದೆಲ್ಲ ಅವಳ ವಿಡಿಯೊ ಚಾನಲ್ಲಿಗೇ ಹೋಗುತ್ತಿತ್ತು. ಅವಳು ಬೇಡವೆನ್ನಲಿಲ್ಲ.

ಅವಳ ತವರು ಕಿರಂಗೂರು. ಅವಳ ತಾಯಿ ಮದುವೆ ಮನೆಗಳಲ್ಲಿ ಸೋಬಾನೆ ಹೇಳುವವರು. ಹೆಣ್ಣಿಗೆ ಅರಿಸಿನ ಹಚ್ಚುವಾಗ, ಧಾರೆ ಆದ ಮೇಲೆ, ಹೆಣ್ಣನ್ನು ಕಳಿಸುವಾಗ ಹೇಳುವ ಪದಗಳು. ತಾಯಿಯನ್ನು ಅಡಿಗೆಮನೆಯಲ್ಲಿ ಕೂರಿಸಿಕೊಂಡು ಒಂದೊಂದಾಗಿ ಹೇಳಿಸಿ, ತನ್ನ ಚಾನಲ್ಲಿಗೆ ಹಾಕಿದ್ದಳು. ಆ ತಾಯಿ ತೀರಿಕೊಂಡರು. ಫೋನಿನಲ್ಲಿ ಜಾಗವಿಲ್ಲವೆಂದು ಅವಳು ಅಲ್ಲಿದ್ದವನ್ನು ಅಳಿಸಿದ್ದಳು. ಚಾನಲ್ಲಿನಲ್ಲಿ ಇವೆಯಲ್ಲ ಎಂಬ ಧೈರ್ಯ.

ಮದುವೆಯ ವಿಡಿಯೊ ಹಾಕಿದ ವಾರದಲ್ಲೇ ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆ ಬಂತು. ಹಾಡಿನ ಹಕ್ಕು ಒಂದು ಕಂಪನಿಯದು, ಕೇಳದೆ ಹಾಕಿದ್ದು ತಪ್ಪು ಎಂದು. ನನಗೆ ಅಷ್ಟು ಇಂಗ್ಲಿಷ್ ಬರುತ್ತದೆ. ಕೆರೆಯ ವಿಡಿಯೊಗೆ ಎರಡನೆಯದು ಬಂತು. ನಾಗಮಂಗಲಕ್ಕೆ ಹೋದಾಗ ಫೋನಿನ ಅಂಗಡಿಯವನಿಗೆ ತೋರಿಸಿದೆ.

"ಹಾಡಿಗೂ ಯಜಮಾನ ಅಂತ ಇರ್ತಾನೆ ಕಣಣ್ಣ. ಇದು ಬ್ಯಾರೆಯೋರ ಗದ್ದೇಲಿ ನಿನ್ ಹಸ ಮೇಯಿಸ್ದಂಗೆ."

"ಒಂದ್ ಹಾಡು ಹಾಕ್ಬುಟ್ರೆ ಅವ್ರ ಗಂಟೇನ್ಲಾ ಹೋಯ್ತದೆ?"

"ಅವ್ರ ಗಂಟು ಹೋಗಾಕಿಲ್ಲ, ನಿನ್ ಗಂಟು ಹೋಯ್ತದೆ. ಮೂರು ಸಲ ಆದ್ರೆ ಚಾನಲ್ಲೇ ಎತ್ತಿ ಬಿಸಾಕ್ತಾರೆ. ಇರೋ ಬರೋದೆಲ್ಲ ಹೋಯ್ತದೆ."

ಇಷ್ಟು ಗೊತ್ತಿದ್ದೂ ಮೂರನೆಯದನ್ನು ಹಾಕಿದೆ. ಹಾಡಿನ ವೇಗ ಸ್ವಲ್ಪ ಹೆಚ್ಚಿಸಿದರೆ ಕಂಪನಿಗೆ ಗುರುತು ಸಿಗುವುದಿಲ್ಲ ಎಂದು ಯಾರೋ ಹೇಳಿದ್ದರು. ಸಿಕ್ಕಿತು. ಕೆಲವೇ ದಿನಗಳಲ್ಲಿ ಚಾನಲ್ ಹೋಯಿತು. ನನ್ನ ಹಸು, ಕೆರೆ, ಮದುವೆಯ ಜೊತೆಗೆ ಸೋಬಾನೆ ಪದಗಳೂ ಹೋದವು.

ನಮ್ಮ ಮನೆಯಲ್ಲಿ ಗಂಡನ ಅಣ್ಣನ ಜೊತೆ ಹೆಂಗಸರು ಎದುರುಬದುರಾಗಿ ಮಾತಾಡುವುದಿಲ್ಲ. ಅವಳು ಮದುವೆಯಾಗಿ ಬಂದು ಇಪ್ಪತ್ತು ವರ್ಷ ದಾಟಿದೆ. ಇಂದಿಗೂ ನಾನು ಎದುರಿಗೇ ಕೂತಿದ್ದರೂ "ಭಾವನೋರ್ಗೆ ಕಾಪಿ ಬೇಕಾ ಕೇಳಿ" ಎಂದು ತಮ್ಮನಿಗೆ ಹೇಳುತ್ತಾಳೆ. ತಮ್ಮ ಕೇಳುತ್ತಾನೆ. ನಾನು ಅವನಿಗೆ ಉತ್ತರ ಕೊಡುತ್ತೇನೆ.

ಚಾನಲ್ ಕಾಣುತ್ತಿಲ್ಲ ಎಂದು ಅವಳಿಗೆ ಗೊತ್ತಾದ ದಿನ ನಾನು ತಮ್ಮನ ಮನೆಯ ಜಗುಲಿಯಲ್ಲಿದ್ದೆ. ಅವಳು ಬಾಗಿಲಲ್ಲಿ ನಿಂತಿದ್ದಳು.

"ಏನಾರಾ ಒತ್ಬುಟ್ಟೆಯೇನಮ್ಮಿ?" ಎಂದ ತಮ್ಮ.

"ಒತ್ತಿದ್ನೋ ಏನೋ. ಮೊನ್ನೆ ಮುದ್ದೆ ಕಟ್ತಾ ಒದ್ದೆ ಕೈಲಿ ಹಿಡ್ದಿದ್ದೆ. ಭಾವನೋರು ಇಂಗ್ಲೀಸು ಓದವ್ರೆ, ಕೇಳಿ, ಅಂಗೂ ಆಯ್ತದಾ ಅಂತ."

ತಮ್ಮ ನನ್ನ ಕಡೆ ತಿರುಗಿದ. "ಆಯ್ತದೇನಣ್ಣ?"

"ಆಗ್ಬೋದು" ಎಂದೆ.

ಹೇಳಿದ್ದು ಅದೊಂದೇ ಮಾತು. ಅವಳು ತನ್ನ ಬಲಗೈ ನೋಡಿಕೊಂಡು ಒಳಗೆ ಹೋದಳು.

ಆಮೇಲೆ ಕಂಪನಿಗೆ ಬರೆದೆ. ತಪ್ಪಾಯಿತು, ಕ್ಷಮಿಸಿ, ಆ ಮೂರು ವಿಡಿಯೊ ಬೇಡ, ಚಾನಲ್ಲನ್ನು ಬಿಟ್ಟುಕೊಡಿ ಎಂದು, ನನಗೆ ಬರುವ ಇಂಗ್ಲಿಷಿನಲ್ಲೇ. ನಿಮ್ಮ ಪತ್ರ ತಲುಪಿದೆ ಎಂದು ಉತ್ತರ ಬಂತು. ಮುಂದೆ ಏನೂ ಬರಲಿಲ್ಲ.

ಕಳೆದ ಸುಗ್ಗಿಯಲ್ಲಿ ನಾಲೆಯ ಏರಿಯ ಮೇಲೆ ತಮ್ಮನಿಗೆ ಎಲ್ಲವನ್ನೂ ಹೇಳಿ ಕೈ ಹಿಡಿದುಕೊಂಡೆ. ಅವನು ಕೈ ಬಿಡಿಸಿಕೊಳ್ಳದೆ ಹೇಳಿದ: "ಬುಡಣ್ಣ. ನೀನು ಅಳೆಯೋ ಹಾಲು ಸರಿಯಾಗಿ ಅಳ್ದೆ, ಇದೊಂದ್ರಲ್ಲಿ ತಪ್ಬುಟ್ಟೆ. ಅವ್ಳಿಗೆ ಯೋಳ್ಬ್ಯಾಡ. ಮರ್ತವ್ಳೆ."

ಅವಳು ಮರೆತಿಲ್ಲ. ಈಗ ಅವಳು ಫೋನನ್ನೇ ಮುಟ್ಟುವುದಿಲ್ಲ. ಕರೆ ಬಂದರೂ ಮಗಳ ಕೈಲಿ ಒತ್ತಿಸಿ, ಕಿವಿಗೆ ಹಿಡಿಸಿಕೊಳ್ಳುತ್ತಾಳೆ. ಹೋದ ತಿಂಗಳು ಬೀದಿಯ ಮದುವೆಯೊಂದರಲ್ಲಿ ಹೆಂಗಸರು ಪದ ಹೇಳೆಂದು ಒತ್ತಾಯ ಮಾಡಿದರು. ನಾನು ಚಪ್ಪರದ ಹೊರಗಿದ್ದೆ. "ಮಾತು ಬತ್ತದೆ ಕನಮ್ಮ, ರಾಗ ಬರಾಕಿಲ್ಲ. ಇತ್ತು, ನಾನೇ ಅಳಿಸ್ಬುಟ್ಟೆ" ಎಂದು ಅವಳು ಹೇಳಿದ್ದು ಕೇಳಿಸಿತು.

ಮಾರನೆಯ ದಿನ ಹೇಳಿಯೇ ಬಿಡೋಣವೆಂದು ಹೋದೆ. ತಮ್ಮ ಮನೆಯಲ್ಲಿರಲಿಲ್ಲ. "ಅವ್ರಿಲ್ಲ" ಎಂದಳು, ಬಾಗಿಲ ಹಿಂದಿನಿಂದ. ಮಧ್ಯೆ ಮಾತು ದಾಟಿಸುವವರು ಯಾರೂ ಇರಲಿಲ್ಲ. ನೇರವಾಗಿ ಹೇಳಬಹುದಿತ್ತು. ಹಾಗೇ ಮರಳಿ ಬಂದೆ. ಸಂಪ್ರದಾಯ ಅಡ್ಡ ಬಂತು ಎಂದು ಅಂದುಕೊಳ್ಳಲು ನನಗೆ ಸುಲಭವಾಯಿತು.

ಹಾಡಿನ ಯಜಮಾನರ ಕ್ಷಮೆ ಕೇಳಿದ್ದೇನೆ. ತಮ್ಮನ ಕ್ಷಮೆ ಕೇಳಿದ್ದೇನೆ. ಕೇಳದೆ ಉಳಿದಿರುವುದು ಅವನ ಹೆಂಡತಿಯದು.