ಲೆಂಪಿಯ ಹೇರ್‌ಪಿನ್ನು

ಅಕ್ಟೋಬರಿನ ಕೊನೆಯ ಶನಿವಾರ, ನೀರು ಹೆಪ್ಪುಗಟ್ಟುವ ಮುನ್ನ, ಸೈಮಾ ಸರೋವರದ ದಡದಲ್ಲಿ ದೋಣಿಗಳನ್ನು ನೀರಿನಿಂದ ಮೇಲೆತ್ತುವ ದಿನ. ಅಂದು ಕೂಲಿಯವರು ಯಾರೂ ಇರುವುದಿಲ್ಲ, ಎಲ್ಲರದೂ ಮುಯ್ಯಾಳು. ನಿನ್ನ ದೋಣಿಗೆ ನಾನು ಹೆಗಲು ಕೊಡುತ್ತೇನೆ, ನನ್ನದಕ್ಕೆ ನೀನು ಕೊಡು, ಮಧ್ಯಾಹ್ನ ಎಲ್ಲರೂ ಕೂಡಿ ಬಟಾಣಿ ಸಾರು ಕುಡಿಯೋಣ ಎಂಬುದು ಅಲ್ಲಿಯ ರೂಢಿ. ಆ ಸಾರನ್ನು ಎಷ್ಟೋ ವರ್ಷಗಳಿಂದ ಮಾಡುತ್ತ ಬಂದವಳು ಲೆಂಪಿ. ಊರಿನ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡಿ ನಿವೃತ್ತಳಾದವಳು. ಈ ವರ್ಷ ಮಾತ್ರ ಅವಳು ಸೌಟನ್ನು ಪಕ್ಕದ ಮನೆಯವಳ ಕೈಗೆ ಕೊಟ್ಟು, ಗಂಡನ ಎಣ್ಣೆಮೆತ್ತಿದ ನಿಲುವಂಗಿ ತೊಟ್ಟು ದಡಕ್ಕೆ ಬಂದಳು.

ಅವಳ ಗಂಡ ತೌನೊ ಮರದ ದಿಮ್ಮಿಗಳನ್ನು ಎಳೆಯುವ ಹಡಗುಗಳಲ್ಲಿ ಎಂಜಿನ್ ನೋಡಿಕೊಳ್ಳುತ್ತಿದ್ದವನು. ಅವರ ಮರದ ದೋಣಿಯ ಹೆಸರು ಲೊಕ್ಕಿ. ಅದರ ಹೊಟ್ಟೆಯಲ್ಲೊಂದು ಹಳೆಯ ಡೀಸೆಲ್ ಎಂಜಿನ್. ಮದುವೆಯಾದ ವರ್ಷವೇ ಕೆಲಸ ಹಂಚಿಹೋಗಿತ್ತು: ಎಂಜಿನ್ ಅವನದು, ಹಾಸಿಗೆ, ಪಾತ್ರೆ, ಪರದೆಗಳು ಅವಳವು. ಕಳೆದ ನಡುಬೇಸಿಗೆಯ ಹಬ್ಬದ ಮರುದಿನ ತೌನೊನಿಗೆ ಲಕ್ವ ಹೊಡೆಯಿತು. ಬಲಗೈ ಹೋಯಿತು, ಮಾತು ಹೋಯಿತು. ನಾಲಗೆಯಲ್ಲಿ ಉಳಿದದ್ದು 'ಸರಿ' ಎಂಬುದೊಂದೇ. ಹಸಿವಾದರೂ ಸರಿ, ಸಿಟ್ಟು ಬಂದರೂ ಸರಿ. ದಿನವಿಡೀ ಅವನು ಕಿಟಕಿಯ ಬಳಿ ಕುಳಿತು, ನೀರಿನಲ್ಲಿ ತೂಗುತ್ತಿದ್ದ ಲೊಕ್ಕಿಯನ್ನು ನೋಡುತ್ತಿದ್ದ.

ಬರುವ ವಸಂತದಲ್ಲಿ ಅವನನ್ನು ಲೊಕ್ಕಿಯಲ್ಲಿ ಕೂರಿಸಿಕೊಂಡು, ಅವರಿಬ್ಬರೂ ಬಲೆ ಬಿಡುತ್ತಿದ್ದ ದ್ವೀಪಕ್ಕೆ ಕರೆದೊಯ್ಯಬೇಕೆಂದು ಲೆಂಪಿ ಹರಕೆ ಹೊತ್ತಿದ್ದಳು, ಮನೆಯವರಿಗೂ ಹೇಳಿದ್ದಳು. ಅದಕ್ಕೆ ಎಂಜಿನ್ ಚಳಿಗಾಲವನ್ನು ದಾಟಬೇಕು. ಎಂಜಿನ್ನನ್ನು ತಣಿಸಲು ಹರಿಯುವ ನೀರು ಅದರ ಕಬ್ಬಿಣದ ಹೊಟ್ಟೆಯೊಳಗೆ ಉಳಿದರೆ, ಅದು ಹೆಪ್ಪುಗಟ್ಟಿ, ಉಬ್ಬಿ, ಕಬ್ಬಿಣವನ್ನೇ ಸೀಳುತ್ತದೆ. ಆ ಹಳೆಯ ಎಂಜಿನ್ನಿಗೆ ಬಿಡಿಭಾಗಗಳು ಎಲ್ಲಿಯೂ ಸಿಗುವುದಿಲ್ಲ. ಸೀಳಿತೆಂದರೆ ಲೊಕ್ಕಿ ಸ್ನಾನದ ಮನೆಯ ಒಲೆಗೆ ಸೌದೆ, ಅಷ್ಟೆ.

ತೌನೊನ ತಮ್ಮ ವೆಯ್ಕೊ ದೋಣಿಯನ್ನು ಮಾರಿಬಿಡುವುದೇ ಮೇಲೆಂದು ತಿಂಗಳಿನಿಂದ ಹೇಳುತ್ತಿದ್ದ. ದಡದಲ್ಲಿ, ಎಲ್ಲರೆದುರು ಮತ್ತೆ ಅದನ್ನೇ ತೆಗೆದ.

"ಎಂಜಿನ್ ಅಂದ್ರೆ ಸಾರಿನ ಕೊಳಗ ಅಲ್ಲ ಲೆಂಪಿ, ಸೌಟು ಆಡಿಸಿದ್ರೆ ಮುಗೀತು ಅನ್ನೋಕೆ. ಮಾರು ಅಂದ್ರೆ ಕೇಳಲ್ಲ. ಬಿಡು, ಎಂಜಿನ್ ಕೆಲಸ ನಾನೇ ಮಾಡ್ತೀನಿ."

"ನನ್ನ ಸೌಟಿನ ಸಾರು ಕುಡಿದೇ ನೀನು ಇಷ್ಟು ಮಾತು ಕಲ್ತಿದ್ದು," ಎಂದಳು ಲೆಂಪಿ. "ಈಗ ಆ ಹಗ್ಗ ಹಿಡ್ಕೊ. ಬಾಯಿ ಹಿಡ್ಕೊಳ್ಳೋದು ಆಮೇಲೆ ಕಲಿಯುವಂತೆ."

ಸುತ್ತಲಿನವರು ನಕ್ಕರು. ವೆಯ್ಕೊ ಕೂಡ ನಕ್ಕು ಹಗ್ಗ ಹಿಡಿದ. ಕ್ರೇನು ಲೊಕ್ಕಿಯನ್ನು ಎತ್ತಿ ಮರದ ಅಡ್ಡೆಗಳ ಮೇಲೆ ಕೂರಿಸಿತು.

ಅಷ್ಟು ವರ್ಷ ಹಾಸಿಗೆ ಮಡಿಸುತ್ತ ಓರೆಗಣ್ಣಿನಲ್ಲಿ ನೋಡಿದ್ದನ್ನೆಲ್ಲ ಲೆಂಪಿ ಒಂದೊಂದಾಗಿ ನೆನಪಿಸಿಕೊಂಡಳು. ಕ್ರೇನಿನವರೆಗೆ ಓಡಿಬಂದ ಎಂಜಿನ್ ಬಿಸಿಯಿರುವಾಗಲೇ ಹಳೆಯ ಎಣ್ಣೆ ತೆಗೆದು ಹೊಸದನ್ನು ಸುರಿದಳು. ತೇವ ಕೂಡದಿರಲೆಂದು ಡೀಸೆಲ್ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದಳು. ಬ್ಯಾಟರಿಯನ್ನು ಮನೆಗೆ ಒಯ್ಯಲು ಕೆಳಗಿಳಿಸಿದಳು. ಕೊನೆಗೆ ಎಂಜಿನ್ನಿನ ತಳದ ಪುಟ್ಟ ನಲ್ಲಿಯ ಕೆಳಗೆ ಬಕೆಟ್ಟಿಟ್ಟು, ನಲ್ಲಿಯನ್ನು ತಿರುಗಿಸಿದಳು. ಒಂದು ಲೋಟದಷ್ಟು ನೀರು ಬಂದು ನಿಂತಿತು. ಇಷ್ಟೇ ಇದ್ದದ್ದು ಎಂದುಕೊಂಡು, ಮೇಲೆ ತಾಡಪಾಲು ಕಟ್ಟಿ ಮನೆಗೆ ನಡೆದಳು. ರೇಡಿಯೋ ಆ ರಾತ್ರಿಯಿಂದಲೇ ಕಡುಚಳಿ ಎಂದು ಹೇಳುತ್ತಿತ್ತು.

ಕಾಫಿ ಬಸಿದು, ಏಲಕ್ಕಿ ಬನ್ನು ಮುರಿದು ತೌನೊನ ಮುಂದಿಟ್ಟು, ಮಾಡಿದ್ದನ್ನೆಲ್ಲ ಒಪ್ಪಿಸಿದಳು. ಎಣ್ಣೆಯ ಮಾತಿಗೆ ಅವನು ತಲೆಯಾಡಿಸಿದ. ನೀರು ಒಂದು ಲೋಟ ಬಂತು ಎಂದಾಗ ಅವನ ಮುಖ ಬದಲಾಯಿತು. "ಸರಿ, ಸರಿ," ಎನ್ನುತ್ತ ಎಡಗೈ ಚಾಚಿ ಅವಳ ತುರುಬಿನಿಂದ ಒಂದು ಹೇರ್‌ಪಿನ್ನನ್ನು ಕಿತ್ತುಕೊಂಡ.

ಲೆಂಪಿಗೆ ನಗು ಬಂತು. ಪ್ರತಿವರ್ಷ ದೋಣಿ ಎತ್ತುವ ದಿನ ಅವನು ಮಾಡುತ್ತಿದ್ದ ಚೇಷ್ಟೆ ಅದು. ಎಂಜಿನ್ನಿನ ಕೆಲಸದ ನಡುವೆ ಎದ್ದು ಬಂದು ಅವಳ ತುರುಬಿನಿಂದ ಪಿನ್ನೊಂದನ್ನು ಕಿತ್ತುಕೊಂಡು ಹೋಗುವುದು, ಮತ್ತೆ ಹಿಂದಕ್ಕೆ ಕೊಡದಿರುವುದು. ಮದುವೆಯಾದ ಹೊಸದರಲ್ಲಿ ನಾಚಿದ್ದಳು, ಆಮೇಲೆ ಬೈದಿದ್ದಳು, ವಯಸ್ಸಾದ ಮೇಲೆ ಅಂದಿಗೆಂದೇ ಒಂದು ಪಿನ್ನು ಹೆಚ್ಚಾಗಿ ಸಿಕ್ಕಿಸಿಕೊಂಡು ಹೋಗುತ್ತಿದ್ದಳು.

"ಮಾತು ಹೋದ್ರೂ ನಿನ್ನ ಚೇಷ್ಟೆ ಹೋಗ್ಲಿಲ್ಲ ನೋಡು," ಎಂದು ಪಿನ್ನನ್ನು ತೆಗೆದುಕೊಳ್ಳಲು ಕೈ ನೀಡಿದಳು.

ಅವನು ಕೊಡಲಿಲ್ಲ. ಪಿನ್ನನ್ನು ಹಲ್ಲಿನಲ್ಲಿ ಕಚ್ಚಿ, ಎಡಗೈಯಿಂದ ಎಳೆದು ನೆಟ್ಟಗೆ ಮಾಡಿದ. ಕಾಫಿಯ ಕೆಟಲಿಯ ಮೂತಿಯೊಳಗೆ ಅದನ್ನು ತೂರಿಸಿ, ಕುಟ್ಟಿ ಕುಟ್ಟಿ ಆಡಿಸಿದ. ಆಮೇಲೆ ಕಿಟಕಿಯಾಚೆಯ ದಡಕ್ಕೆ ಬೆರಳು ತೋರಿಸಿದ. ಅವನ ಕಣ್ಣಿನಲ್ಲಿ ಚೇಷ್ಟೆಯಿರಲಿಲ್ಲ, ಅಂಗಲಾಚಿಕೆ ಇತ್ತು.

ಲೆಂಪಿ ಕೆಟಲಿಯ ಮೂತಿಯನ್ನೇ ನೋಡುತ್ತ ಒಂದು ಗಳಿಗೆ ನಿಂತಳು. ನಲ್ಲಿ. ತುಕ್ಕು. ನೀರು ಮುಗಿದಿರಲಿಲ್ಲ, ದಾರಿ ಕಟ್ಟಿತ್ತು. ಅಷ್ಟು ವರ್ಷದ ಪಿನ್ನುಗಳೆಲ್ಲ ಹೋದದ್ದು ಆ ನಲ್ಲಿಗೇ.

ಪಿನ್ನನ್ನು ಅವನ ಕೈಯಿಂದ ತೆಗೆದುಕೊಂಡು, ನಿಲುವಂಗಿಯನ್ನೂ ತೊಡದೆ, ಟಾರ್ಚು ಹಿಡಿದು ಓಡಿದಳು. ಮುಸ್ಸಂಜೆಯಲ್ಲೇ ದಡದ ಹುಲ್ಲು ಕಾಲಡಿ ಕರಕರ ಎನ್ನುತ್ತಿತ್ತು. ತಾಡಪಾಲಿನ ಹಗ್ಗ ಬಿಚ್ಚಿ ಒಳಗೆ ನುಸುಳಿ, ನೆಟ್ಟಗಾಗಿದ್ದ ಪಿನ್ನನ್ನು ನಲ್ಲಿಯ ಬಾಯಿಗೆ ತೂರಿಸಿದಳು. ಏನೋ ಗಟ್ಟಿಯಾದದ್ದು ತಡೆಯಿತು. ತಿರುವಿದಳು, ಚುಚ್ಚಿದಳು. ಮೊದಲು ಕೆಂಪು ಕೆಸರಿನಂಥ ತುಕ್ಕು ಜಾರಿತು. ಅದರ ಬೆನ್ನಿಗೆ ನೀರು ಧೋ ಎಂದು ಧುಮುಕಿ, ಅವಳ ತೋಳನ್ನೆಲ್ಲ ತೋಯಿಸಿ ಬಕೆಟ್ಟಿಗೆ ಬಿತ್ತು. ಬಹಳ ಹೊತ್ತು ಬಿತ್ತು. ಅವಳು ಮೊಣಕಾಲೂರಿ ಕೊನೆಯ ಹನಿಯವರೆಗೂ ಕೇಳಿಸಿಕೊಂಡಳು. ಬಕೆಟ್ಟನ್ನು ಕೆಳಗಿಳಿಸಿ ಅಡ್ಡೆಯ ಪಕ್ಕ ಇಟ್ಟಳು. ಕೈ ಮರಗಟ್ಟಿ, ಬೇಗ ಮನೆ ಸೇರುವ ಅವಸರದಲ್ಲಿ ಅದನ್ನು ಚೆಲ್ಲುವುದು ಮರೆತೇಹೋಯಿತು.

ಆ ವಾರ ಚಳಿ ಹಿಡಿದದ್ದು ಬಿಡಲಿಲ್ಲ. ಮೂರ್ನಾಲ್ಕು ದಿನ ಕಳೆದು, ತನ್ನ ದೋಣಿ ನೋಡಲು ಬಂದ ವೆಯ್ಕೊನ ಕಣ್ಣಿಗೆ ಆ ಬಕೆಟ್ಟು ಬಿತ್ತು. ಮಂಜುಗಡ್ಡೆ ಉಬ್ಬಿ ಅದರ ಒಂದು ಪಕ್ಕ ಮೇಲಿನಿಂದ ಕೆಳಗಿನವರೆಗೆ ಸೀಳಿತ್ತು. ಅವನು ಅದನ್ನು ಹಾಗೆಯೇ ಎತ್ತಿಕೊಂಡು ಅಣ್ಣನ ಮನೆಯ ಬಾಗಿಲಿಗೆ ಬಂದ.

"ಈ ನೀರೆಲ್ಲಾ ಎಂಜಿನ್‌ದಾ?"

"ಎಂಜಿನ್‌ದೇ."

ವೆಯ್ಕೊ ಸೀಳಿನ ಮೇಲೆ ಬೆರಳಾಡಿಸಿದ. ಮಾರುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ವಸಂತದಲ್ಲಿ ತೌನೊನನ್ನು ದೋಣಿಗೆ ಹತ್ತಿಸುವಾಗ ಒಂದು ಕಡೆ ಹಿಡಿಯಲು ಜನ ಬೇಕಾಗುತ್ತದಲ್ಲ, ಹೇಳಿ ಕಳಿಸು ಎಂದಷ್ಟೇ ಹೇಳಿ ಹೋದ.

ಲೆಂಪಿ ಮಂಜುಗಡ್ಡೆಯನ್ನು ಬಕೆಟ್ಟಿನಿಂದ ಬಿಡಿಸಿ, ತೌನೊನಿಗೆ ಕಾಣುವಂತೆ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಇಟ್ಟಳು. ಅದರ ನಡುವೆ ಕೆಂಪು ತುಕ್ಕು ಹೂವಿನಂತೆ ಹರಡಿತ್ತು. ಆಮೇಲೆ ಅವನ ಪಕ್ಕ ಕುಳಿತು, ತಲೆಯನ್ನು ಅವನ ಎಡಗೈಗೆ ಎಟಕುವಂತೆ ಬಾಗಿಸಿದಳು.

"ಮುಂದಿನ ವರ್ಷಕ್ಕೂ ಒಂದು ಹೆಚ್ಚಿಗೆ ಸಿಕ್ಕಿಸ್ಕೊಂಡಿರ್ತೀನಿ," ಎಂದಳು.

"ಸರಿ," ಎಂದ ತೌನೊ.