ಅತ್ತಿಗೆ ಬೀಸಿದ ಬಲೆ

ಅನುಮಾನ ನನ್ನ ಅತ್ತಿಗೆಗೆ ಹುಟ್ಟಿನಿಂದ ಬಂದದ್ದಲ್ಲ. ಬಿಸ್ಕತ್ತು ಮಾರಲು ಶುರುಮಾಡಿದ ಮೇಲೆ ಅಂಟಿಕೊಂಡದ್ದು. ಅಣ್ಣನ ಕಾರ್ಖಾನೆ ಮುಚ್ಚಿದ್ದರಿಂದ ಮನೆ ನಡೆಯುತ್ತಿದ್ದುದು ಆ ಬಿಸ್ಕತ್ತಿನ ಮೇಲೆಯೇ. ಮನೆಯಲ್ಲಿ ತಿಂಡಿ ಮಾಡಿ ಮಾರಲು ನಗರಸಭೆಯವರು ಪರವಾನಗಿ ಕೊಟ್ಟರು, ಜೊತೆಗೆ ನಿಯಮಗಳನ್ನೂ ಹೇರಿದರು. ಬೇಗ ಕೆಡದ ಒಣ ತಿಂಡಿ ಮಾತ್ರ ಮಾರಬೇಕು, ಕೆನೆ ಹಾಕಿದ್ದರ ತಂಟೆಗೆ ಹೋಗಕೂಡದು. ಮಾರುವ ತಿಂಡಿ ಮಾಡುವಾಗ, ಪರವಾನಗಿಯಲ್ಲಿ ಹೆಸರಿಲ್ಲದವರು ಅಡುಗೆಮನೆಯೊಳಗೆ ಕಾಲಿಡಕೂಡದು. ಅತ್ತಿಗೆ ನಿಯಮವನ್ನು ಕಣ್ಣಿಗೊತ್ತಿಕೊಂಡು ಪಾಲಿಸಿದಳು. ಅಡುಗೆಮನೆಗೆ ಒಳಗಿನಿಂದ ಚಿಲಕ ಬಿತ್ತು. ಹೊರಗಿದ್ದ ಅಣ್ಣ, ಅಮ್ಮ, ನಾನು ಏನು ಬೇಕಾದರೂ ಕದ ತಟ್ಟಬೇಕು.

ಒಂದು ದಿನ ನಗರಸಭೆಯ ತಪಾಸಣೆಯವರು ಬಂದರು. ಈ ಮನೆಯಲ್ಲಿ ಕದ್ದುಮುಚ್ಚಿ ಕೆನೆ ಕೇಕು ಮಾರುತ್ತಾರೆ ಎಂದು ಯಾರೋ ಫೋನ್ ಮಾಡಿ ದೂರಿದ್ದರಂತೆ. ಡಬ್ಬಗಳನ್ನೆಲ್ಲ ತೆರೆಸಿ ನೋಡಿದರು, ಏನೂ ಸಿಗಲಿಲ್ಲ.

“ದೂರು ಹೀಗೇ ಬರ್ತಾ ಇದ್ರೆ ಪರವಾನಗಿ ಉಳಿಯೋದು ಕಷ್ಟ, ಮೇಡಂ,” ಎಂದು ಹೇಳಿ ಹೋದರು.

ಅಂದಿನಿಂದ ಅತ್ತಿಗೆಯ ಕಣ್ಣಿಗೆ ಕಂಡವರೆಲ್ಲ ಕಳ್ಳರೇ. ಮೂಲೆಯ ಬೇಕರಿಯವನು ನಕ್ಕರೆ ಹೊಟ್ಟೆಕಿಚ್ಚು, ನಗದಿದ್ದರೆ ಒಳಗೊಳಗೇ ಹುಳುಕು. ಮಹಡಿಯ ಟೈಲರಮ್ಮ ಮೆಟ್ಟಿಲಿಳಿಯುವಾಗ ಮೂಗರಳಿಸಿದ್ದೂ ತಪ್ಪಾಯಿತು. ಹೊಸ ಗಿರಾಕಿ ಪೊಟ್ಟಣ ತಿರುಗಿಸಿ ನೋಡಿದರೆ ಸಾಕು, “ಅವನ ಬೂಟು ನೋಡಿದ್ಯಾ? ಅದು ಸರ್ಕಾರಿ ಬೂಟೇ!” ಎಂದು ನನ್ನ ಕೈ ಚಿವುಟುತ್ತಿದ್ದಳು.

ಕೊನೆಗೆ ಬಲೆ ಬೀಸಿದಳು. ಸೋಮವಾರ ಕೆನೆ ಕೇಕು ಮಾಡುತ್ತೇನೆ ಎಂದು ಬೇಕರಿಯವನ ಕಿವಿಗೆ ಹಾಕಿದಳು. ಟೈಲರಮ್ಮನಿಗೆ ಮಂಗಳವಾರ ಎಂದಳು. ನನಗೆ ಬುಧವಾರ ಎಂದಳು. ನಾನು ಪೆದ್ದಿಯ ಹಾಗೆ ನಂಬಿದೆ.

ಸೋಮವಾರ ಯಾರೂ ಬರಲಿಲ್ಲ, ಮಂಗಳವಾರವೂ ಇಲ್ಲ. ಬುಧವಾರ ನಾನು ನಡುಮನೆಯಲ್ಲಿ ಕೂತಿದ್ದಾಗ ತಪಾಸಣೆಯವರು ಬಂದು ನಿಂತರು. ಒಣ ಬಿಸ್ಕತ್ತಿನ ಹೊರತು ಮತ್ತೇನೂ ಸಿಗಲಿಲ್ಲ. ಅತ್ತಿಗೆ ಅವರ ಮುಂದೆಯೇ ನನ್ನ ಮೇಲೆ ಹರಿಹಾಯ್ದಳು.

“ಬುಧವಾರ ಅಂತ ಹೇಳಿದ್ದು ನಿನಗೊಬ್ಬಳಿಗೇ. ಉಂಡ ಮನೆಗೆ ದ್ರೋಹ ಮಾಡೋಕೆ ಮನಸ್ಸಾದ್ರೂ ಹೇಗೆ ಬಂತೇ?”

ನನಗೆ ಮೈಯೆಲ್ಲ ಉರಿಯಿತು. “ನಾನ್ಯಾಕೆ ಫೋನ್ ಮಾಡ್ಲಿ? ನಾನು ಹೇಳಿದ್ದು ಅಮ್ಮನ ಹತ್ರ ಮಾತ್ರ…” ಎಂದವಳ ಮಾತು ಅಲ್ಲೇ ನಿಂತಿತು.

ಅಮ್ಮ ಅಡುಗೆಮನೆಯ ಹೊಸ್ತಿಲ ಹೊರಗೆ ಖಾಲಿ ಲೋಟ ಹಿಡಿದು ನಿಂತಿದ್ದಳು.

“ಎರಡು ಸಲಾನೂ ಫೋನ್ ಮಾಡಿದ್ದು ನಾನೇ,” ಎಂದಳು. “ಮದುವೆಯಾಗಿ ಬಂದಾಗಿಂದ ನಾನು ಬೇಯಿಸಿದ ಅಡುಗೆಮನೆ ಇದು. ಈಗ ಒಂದು ಲೋಟ ನೀರಿಗೂ ಕದ ತಟ್ಟಿ ಕಾಯ್ಬೇಕು. ಪರವಾನಗಿ ಹೋದ್ರೆ ಆ ಚಿಲಕಾನೂ ಹೋಗತ್ತೆ ಅಂದ್ಕೊಂಡೆ.”

ಅತ್ತಿಗೆಯ ಮುಖ ಕಪ್ಪಿಟ್ಟಿತು. ಅಮ್ಮನ ಮೇಲೆ ನನಗೆ ಬಂದ ಸಿಟ್ಟು ಆ ಲೋಟ ನೋಡಿ ಅರ್ಧಕ್ಕೇ ಇಳಿಯಿತು. ಅತ್ತಿಗೆ ಲೋಟ ಇಸಿದುಕೊಂಡಳು, ನೀರು ತುಂಬಿ ಅಮ್ಮನ ಕೈಗಿಟ್ಟಳು. ಆಮೇಲೆ ತಪಾಸಣೆಯವರತ್ತ ತಿರುಗಿ, “ಸಾರ್, ಪರವಾನಗಿಗೆ ನಮ್ಮತ್ತೆ ಹೆಸರು ಸೇರಿಸೋಕಾಗತ್ತಾ?” ಎಂದು ಕೇಳಿದಳು.

“ಆಗತ್ತೆ. ಡಾಕ್ಟರ ಹತ್ರ ಒಂದ್ಸಲ ತೋರಿಸಿ, ಆರೋಗ್ಯ ಸರಿಯಿದೆ ಅಂತ ಬರೆಸ್ಕೊಂಡು ಬನ್ನಿ.”

ಈಗ ಒಳಗೆ ಅಮ್ಮ ಹಿಟ್ಟು ಕಲಸುತ್ತಾಳೆ, ಅತ್ತಿಗೆ ಬೇಯಿಸುತ್ತಾಳೆ. ಮೊನ್ನೆ ನನಗೆ ಬಾಯಾರಿ ಕದ ತಟ್ಟಿದೆ. ಅತ್ತಿಗೆ ಚಿಲಕಕ್ಕೆ ಕೈಹಾಕಿದ ಸದ್ದಾಯಿತು. ಹಿಂದಿನಿಂದ ಅಮ್ಮನ ಗದರಿಕೆ ಕೇಳಿಸಿತು:

“ತೆಗೀಬೇಡ ಕಣೇ! ಅವಳ ಹೆಸರಿಲ್ಲ. ಕಿಟಕೀಲಿ ಕೊಡು ನೀರು.”